ಸಮುದ್ರ ಬಂತೇನೋ?

ಮಂಗಳೂರಿನಲ್ಲಿ ಯಾರಾದರೂ 'ಸ್ಟೇಟ್ ಬ್ಯಾಂಕಿಗೆ ಹೊರಟೆ' ಎಂದರೆ ಅವರ ಹತ್ತಿರ ದುಡ್ಡಿದೆ ಎಂದು ತಿಳಿಯಬಾರದು. ಸಿಟಿ ಬಸ್ಸುಗಳು ಹೊರಡುವ, ಸುತ್ತಿ ಬಂದು ಸೇರುವ ನಿಲ್ದಾಣಕ್ಕೆ ಇಲ್ಲಿ ಆ ಹೆಸರು. ಈ ಊರಿನ ಸ್ಟಾಪುಗಳ ಹೆಸರಿಗೂ ಅಲ್ಲಿ ಈಗ ಇರುವುದಕ್ಕೂ ಸಂಬಂಧ ಹುಡುಕಲು ಹೋಗಬಾರದು. ಜ್ಯೋತಿ ಟಾಕೀಸಿನಲ್ಲಿ ಸಿನಿಮಾ ನಿಂತು ವರ್ಷಗಳಾದವು. ಕಂಡಕ್ಟರ್ ಮಾತ್ರ ಇಂದಿಗೂ ಬಾಗಿಲಿಗೆ ಜೋತು ಬಿದ್ದು 'ಜ್ಯೋತಿ, ಜ್ಯೋತಿ' ಎಂದು ಕೂಗುತ್ತಾನೆ, ಮ್ಯಾಟಿನಿಗೆ ತಡವಾಯಿತೇನೋ ಎಂಬಂತೆ.

ಇದನ್ನೆಲ್ಲ ನಾನು ಅಕ್ಕನಿಗೆ ಮೊದಲೇ ಹೇಳಿಕೊಡಬೇಕಿತ್ತು. ಅಕ್ಕ ಹಾಸನದವಳು. 2023ರ ಜೂನ್ 11ರಂದು ಸರ್ಕಾರ ಶಕ್ತಿ ಯೋಜನೆ ಶುರುಮಾಡಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟು ಬೇಡವೆಂದ ದಿನದಿಂದ ಅವಳ ಕಾಲಿಗೆ ಚಕ್ರ ಬಂದಿದೆ. ಮಂಡಿನೋವಿನ ಮಾತೇ ನಿಂತುಹೋಗಿದೆ. ಅವತ್ತೂ ಶಿರಾಡಿ ಘಾಟಿ ಇಳಿದು ಬಿಜೈ ನಿಲ್ದಾಣದವರೆಗೆ ಚಿಕ್ಕಾಸು ಬಿಚ್ಚದೆ ಬಂದಿದ್ದಳು. ಮಾರನೆಯ ಬೆಳಿಗ್ಗೆ, 'ನಿಮ್ಮ ಕಡೆ ಪಾರ್ಕು, ಬೀಚು ಎಲ್ಲ ತೋರಿಸು, ಬಸ್ಸಲ್ಲೇ ಹೋಗೋಣ' ಎಂದಳು. ನನಗೆ ಕಾರು ಓಡಿಸಲು ಬಾರದು ಎಂಬುದನ್ನು ಇಷ್ಟು ಮರ್ಯಾದೆಯಿಂದ ಯಾರೂ ಹೇಳಿರಲಿಲ್ಲ.

ಮೊದಲ ಬಸ್ಸಿನಲ್ಲೇ ಅವಳು ಕಂಡಕ್ಟರನಿಗೆ ಆಧಾರ್ ಕಾರ್ಡು ಚಾಚಿದಳು.

'ಇದು ಪ್ರೈವೇಟ್ ಅಮ್ಮ. ಇಲ್ಲಿ ಆಧಾರ್ ನಡೆಯುವುದಿಲ್ಲ.'

'ಮತ್ತೇನಪ್ಪ ನಡೆಯುತ್ತೆ?'

'ಚಿಲ್ಲರೆ.'

ಘಟ್ಟದ ಮೇಲಿನವರಿಗೆ ಇದನ್ನು ಅರ್ಥಮಾಡಿಸುವುದು ಕಷ್ಟ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ರಸ್ತೆ ಖಾಸಗಿ ಬಸ್ಸುಗಳದ್ದು. ಪೇಟೆಯೊಳಗೆ ಸಿಟಿ ಬಸ್ಸು, ಊರಿಂದೂರಿಗೆ ಸರ್ವಿಸ್ ಬಸ್ಸು, ಅದರಲ್ಲೂ ಎಕ್ಸ್‌ಪ್ರೆಸ್ಸು. ಮುಂಗನ್ನಡಿಯ ಮೇಲೆ ಮಾಲೀಕರ ಮನೆದೇವರ ಹೆಸರು. ಹಿಂದಿನ ಬಸ್ಸಿನ ಟೈಮಿಂಗ್ ಮುಂದಿನದರ ಟೈಮಿಂಗಿಗೆ ತಾಗಿಕೊಂಡೇ ಇರುವುದರಿಂದ ಡ್ರೈವರನ ಕಾಲಿಗೆ ಬ್ರೇಕಿನ ನೆನಪಾಗುವುದು ಕಡಿಮೆ. ಸರ್ಕಾರಿ ಸಿಟಿ ಬಸ್ಸುಗಳೂ ಒಂದಷ್ಟು ಇವೆ. ಅವಕ್ಕೆ ಜನ 'ನರ್ಮ್' ಎನ್ನುತ್ತಾರೆ. ನೆಹರೂ ಹೆಸರಿನ ನಗರ ನವೀಕರಣ ಯೋಜನೆಯ ಇಂಗ್ಲಿಷ್ ಅಕ್ಷರಗಳು ಕರಾವಳಿಯ ಬಾಯಲ್ಲಿ ಸವೆದು ಉಳಿದದ್ದು ಅಷ್ಟು. ಅಕ್ಕನಿಗೆ ಬೇಕಾದದ್ದು ಆ ನರ್ಮು. ಅವತ್ತಿಡೀ ನಮಗೆ ಎದುರಾದ ನರ್ಮ್‌ಗಳೆಲ್ಲ ನಾವು ಹೋಗುವ ದಿಕ್ಕಿನಿಂದ ವಾಪಸು ಬರುತ್ತಿದ್ದವು.

ಇನ್ನೊಂದು ತೊಡಕು. ಸಿಟಿ ಬಸ್ಸಿನಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ನಡುವೆ ಕಾಲೇಜು ಮಕ್ಕಳ ಬ್ಯಾಗುಗಳ ಗುಡ್ಡ. ಅದರಾಚೆಯಿಂದ ಅಕ್ಕ ಐದೈದು ನಿಮಿಷಕ್ಕೊಮ್ಮೆ ಹಾಸನದ ತೆಂಗಿನ ತೋಟದಲ್ಲಿ ನಿಂತು ಕೂಗುವ ದನಿಯಲ್ಲಿ, 'ಏ ತಮ್ಮಾ, ಸಮುದ್ರ ಬಂತೇನೋ?' ಎನ್ನುವಳು. ಇಡೀ ಬಸ್ಸು ಹಿಂದಕ್ಕೆ ತಿರುಗಿ ಆ ತಮ್ಮ ಯಾರೆಂದು ನೋಡುತ್ತಿತ್ತು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. 'ದುಂಬು ಪೋಲೆ, ದುಂಬು ಪೋಲೆ' ಎಂದು ಕಂಡಕ್ಟರ್ ಎಲ್ಲರನ್ನೂ ಮುಂದಕ್ಕೆ ದೂಡುತ್ತಿದ್ದ.

ಮೊದಲು ಹೋದದ್ದು ಪಿಲಿಕುಳಕ್ಕೆ. ತುಳುವಿನಲ್ಲಿ ಪಿಲಿ ಎಂದರೆ ಹುಲಿ. ಹುಲಿಗಳು ನೀರಿಗೆ ಬರುತ್ತಿದ್ದ ಕೊಳವಂತೆ. ಈಗ ಅಲ್ಲಿ ಮೃಗಾಲಯ, ದೋಣಿವಿಹಾರ, ತಾರಾಲಯ, ಹಳೆಯ ಗುತ್ತಿನ ಮನೆ, ಎಲ್ಲ ಉಂಟು. ಮೂಡುಬಿದಿರೆ ಕಡೆಯ ಸರ್ವಿಸ್ ಬಸ್ಸು ಹತ್ತಿ ವಾಮಂಜೂರಿನಲ್ಲಿ ಇಳಿದೆವು. ರಿಕ್ಷಾದವನು ನಮ್ಮನ್ನು ಹತ್ತಿಸಿಕೊಳ್ಳುವ ಬದಲು ಕನಿಕರದಿಂದ ನೋಡಿದ.

'ಇವತ್ತು ಸೋಮವಾರ ಅಲ್ವಾ ಅಮ್ಮ? ಝೂ ಬಂದ್.'

'ಹುಲಿಗೂ ರಜಾನಾ?' ಎಂದಳು ಅಕ್ಕ.

ತಪ್ಪು ನನ್ನದೇ. ಮೂವತ್ತು ವರ್ಷದಿಂದ ಈ ಊರಿನಲ್ಲಿದ್ದು ಸೋಮವಾರದ ಸಂಗತಿ ಮರೆತಿದ್ದೆ. ಬಂದ ದಾರಿಗೆ ಸುಂಕವಿಲ್ಲ ಎನ್ನುತ್ತಾರೆ, ಪ್ರೈವೇಟ್ ಬಸ್ಸಿನಲ್ಲಿ ಅದಕ್ಕೂ ಸುಂಕವಿದೆ. ಮತ್ತೆ ಇಬ್ಬರ ಟಿಕೆಟ್ಟು. ಸಮುದ್ರಕ್ಕೆ ವಾರದ ರಜೆ ಇಲ್ಲವಲ್ಲ ಎಂದು ಸಮಾಧಾನ ಹೇಳಿದೆ.

ಬಸ್ಸಿನಲ್ಲಿ ಸಮುದ್ರಕ್ಕೆ ಹೋಗುವವನಿಗೆ ಸಮುದ್ರ ನೇರವಾಗಿ ಸಿಕ್ಕುವುದಿಲ್ಲ. ಕಾರಿನವರು ಮರಳಿನ ಅಂಚಿಗೇ ಹೋಗಿ ಬಾಗಿಲು ತೆರೆಯುತ್ತಾರೆ. ಬಸ್ಸು ನಮ್ಮನ್ನು ಹೆದ್ದಾರಿಯಲ್ಲಿ ಇಳಿಸಿ, ಇನ್ನು ನೀವುಂಟು ಸಮುದ್ರವುಂಟು ಎಂದು ಹೊಗೆ ಬಿಟ್ಟು ಹೋಗುತ್ತದೆ. ಕಾಪುವಿನಲ್ಲಿ ಇಳಿದರೆ ಪಡುವಣಕ್ಕೆ ಮುಖಮಾಡಿ ನಡೆಯಬೇಕು. ತೆಂಗಿನ ಹಿತ್ತಿಲು, ಒಣಮೀನಿನ ವಾಸನೆ, ಅಂಗಳದಲ್ಲಿ ಬಲೆಗೆ ಗಂಟು ಹಾಕುವ ಅಜ್ಜ, ಇವನ್ನೆಲ್ಲ ದಾಟಿದ ಮೇಲೆ ಬಂಡೆಯ ಮೇಲೆ 1901ರ ದೀಪಸ್ತಂಭ ತಲೆ ತೋರಿಸುತ್ತದೆ. ಪಡುಬಿದ್ರಿಯ ಬೀಚಿಗೆ 2020ರಲ್ಲಿ ನೀಲಿ ಬಾವುಟದ ಮಾನ್ಯತೆ ಬಂತು. ಬಾವುಟ ಹೆದ್ದಾರಿಯಿಂದ ದೂರ, ರಿಕ್ಷಾವೇ ಗತಿ. ಉಳ್ಳಾಲದ ಕಡೆಗೆ 44ನೇ ನಂಬರು. ನೇತ್ರಾವತಿಯ ಸೇತುವೆ ದಾಟುವಾಗ ಗಾಳಿಗೆ ಉಪ್ಪಿನ ರುಚಿ ಬರುತ್ತದೆ. ತೊಕ್ಕೊಟ್ಟಿನ ಟ್ರಾಫಿಕ್ಕು ಅದನ್ನು ಮರೆಸುತ್ತದೆ. ಸೋಮೇಶ್ವರದ ರುದ್ರಪಾದೆಗೆ ಅಲೆ ಅಪ್ಪಳಿಸಿದಾಗ ಮತ್ತೆ ನೆನಪಾಗುತ್ತದೆ.

ಈ ನಿಯಮಕ್ಕೆ ಒಂದೇ ಅಪವಾದ ನಾನು ಕಂಡದ್ದು ಮರವಂತೆ. ಅಲ್ಲಿ ಬಸ್ಸೇ ಸಮುದ್ರಕ್ಕೆ ಹೋಗುತ್ತದೆ. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಬೈಂದೂರಿನ ಬಸ್ಸು ಹತ್ತಿದರೆ ತ್ರಾಸಿ ಕಳೆದಂತೆ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ನಾವು. ಎಡಗಡೆ ಕಿಟಕಿಗಾಗಿ ನಾನು ಎರಡು ಬಸ್ಸು ಬಿಟ್ಟದ್ದುಂಟು. ಕಲ್ಯಾಣಪುರದ ಹೊಳೆಯವರೆಗೆ ತುಳುವಿನಲ್ಲಿ ಗದರುವ ಕಂಡಕ್ಟರುಗಳು ಆಮೇಲೆ ಕುಂದಾಪ್ರ ಕನ್ನಡಕ್ಕೆ ಹೊರಳುತ್ತಾರೆ. 'ಹ್ವಾಯ್, ಎಲ್ಲಿಗ್ ಹೋಪ್ದ್?' ಎಂದಾಗ ಎಷ್ಟೋ ಸಲ ನನಗೆ ಉತ್ತರ ಹೊಳೆದಿಲ್ಲ. ಮರವಂತೆಯಲ್ಲಿ ಇಳಿಯುವುದಲ್ಲ, ಮರವಂತೆಯನ್ನು ಹಾಯುವುದು ನನ್ನ ಕೆಲಸ ಎಂದು ಹೇಗೆ ಹೇಳಲಿ?

ಆದರೆ ಸೋಮವಾರ ಮಧ್ಯಾಹ್ನದ ಮೇಲೆ ಮರವಂತೆ ದೂರ. ಸುಲ್ತಾನ್ ಬತ್ತೇರಿಯ ಬಸ್ಸು ಹತ್ತಿದೆವು. ಶತ್ರುಗಳ ಹಡಗು ಹೊಳೆಯೊಳಗೆ ನುಗ್ಗದಂತೆ ಕಾಯಲು ಟಿಪ್ಪು 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಬುರುಜು ಅದು. ಈಗ ಪ್ರೇಮಿಗಳನ್ನು ಕಾಯುತ್ತಿದೆ. ಅದರ ಕೆಳಗೆ ಫಲ್ಗುಣಿ ಹೊಳೆ, ಅದನ್ನೇ ಗುರುಪುರ ಹೊಳೆ ಎನ್ನುವುದೂ ಉಂಟು. ಆಚೆ ದಡ ತಣ್ಣೀರುಬಾವಿ. ನಡುವೆ ದೋಣಿ.

ದೋಣಿಯಲ್ಲಿ ಲೇಡೀಸ್ ಮುಂದೆ, ಜೆಂಟ್ಸ್ ಹಿಂದೆ ಇಲ್ಲ. ಬೆಳಗಿನಿಂದ ಮೊದಲ ಸಲ ನಾವಿಬ್ಬರೂ ಪಕ್ಕಪಕ್ಕ ಕೂತೆವು. ಒಂದು ಸೈಕಲ್ಲು, ಮೀನಿನ ಖಾಲಿ ಬುಟ್ಟಿ ಇಟ್ಟುಕೊಂಡ ಹೆಂಗಸು, ಯೂನಿಫಾರ್ಮಿನ ಇಬ್ಬರು ಹುಡುಗರು. ಅವರಿಗೆ ಇದು ಮನೆಯ ದಾರಿ. ದಕ್ಷಿಣಕ್ಕೆ ಅಳಿವೆ ಬಾಗಿಲಿನ ಕಡೆ ನೀರು ಹೊಳೆಯುತ್ತಿತ್ತು. ಅಕ್ಕ ಇದ್ದಕ್ಕಿದ್ದಂತೆ, 'ಅಪ್ಪ ಧರ್ಮಸ್ಥಳಕ್ಕೆ ಕರಕೊಂಡು ಬಂದಾಗ ಮಂಗಳೂರಿಗೂ ಹೋಗಿ ಸಮುದ್ರ ತೋರಿಸ್ತೀನಿ ಅಂದಿದ್ದರು ಕಣೋ. ನೀನು ಸೊಂಟದ ಮೇಲಿದ್ದೆ. ಕೊನೇ ಬಸ್ಸು ತಪ್ಪುತ್ತೆ ಅಂತ ವಾಪಸು ಹೊರಟುಬಿಟ್ಟರು' ಎಂದಳು. ನನಗೆ ಗೊತ್ತಿರಲಿಲ್ಲ.

ತಣ್ಣೀರುಬಾವಿಯಲ್ಲಿ ಪಾರ್ಕೂ ಇದೆ, ಬೀಚೂ ಇದೆ. ಅರಣ್ಯ ಇಲಾಖೆಯ ಟ್ರೀ ಪಾರ್ಕನ್ನು ಅಕ್ಕ ಬೇಲಿಯ ಹೊರಗಿನಿಂದಲೇ ಮುಗಿಸಿದಳು. ಮರ ನೋಡಲು ಹಾಸನದಿಂದ ಬರಬೇಕೇ ಎಂಬುದು ಅವಳ ವಾದ. ಗಾಳಿಮರದ ತೋಪು ದಾಟಿ, ಚಪ್ಪಲಿ ಕೈಗೆ ತೆಗೆದುಕೊಂಡು, ಸೀರೆ ಒಂದು ಗೇಣು ಎತ್ತಿ ನೀರಿಗಿಳಿದಳು. ಉತ್ತರಕ್ಕೆ ಬಂದರಿನ ಸರದಿಗಾಗಿ ಕಾದ ಹಡಗುಗಳು ನಿಂತಿದ್ದವು. 'ಅವಕ್ಕೂ ಟೈಮಿಂಗ್ ಇರುತ್ತಾ?' ಎಂದು ಕೇಳಿದಳು.

ಸೂರ್ಯ ಮುಳುಗುವುದನ್ನು ನೋಡಿಯೇ ಹೋಗಬೇಕೆಂದು ಅವಳ ಹಠ. ಈ ಕರಾವಳಿಯಲ್ಲಿ ವರ್ಷವಿಡೀ ಅವನು ಹೆಚ್ಚುಕಮ್ಮಿ ಆರರಿಂದ ಏಳರೊಳಗೆ ಮುಳುಗುತ್ತಾನೆ. ದೋಣಿಯವನು ಅವನಿಗಿಂತ ಶಿಸ್ತಿನವನು. ಸೂರ್ಯ ನೀರಿನಿಂದ ಒಂದು ಮೊಳ ಮೇಲಿರುವಾಗಲೇ ಹಿಂದಿನಿಂದ, 'ಲಾಸ್ಟ್, ಲಾಸ್ಟ್' ಎಂದು ಕೂಗು ಬಂತು. ಅಕ್ಕ ನನ್ನ ಮುಖ ನೋಡಿದಳು. 'ಇನ್ನು ಸ್ವಲ್ಪ ಹೊತ್ತು' ಎನ್ನಲು ಹೋದೆ. ಅಷ್ಟರಲ್ಲಿ ಅವಳೇ ಚಪ್ಪಲಿಯ ಮರಳು ಕೊಡವಿ ನಡೆಯತೊಡಗಿದ್ದಳು. ದೋಣಿಯಲ್ಲಿ ಮಾತ್ರ ಪಡುವಣಕ್ಕೆ ತಿರುಗಿ ಕೂತಳು. ಗಾಳಿಮರಗಳ ಹಿಂದೆ ಕೆಂಪು ಇತ್ತು, ಸೂರ್ಯ ಕಾಣಲಿಲ್ಲ.

ಸ್ಟೇಟ್ ಬ್ಯಾಂಕಿಗೆ ಬಂದಾಗ ದೀಪ ಹತ್ತಿತ್ತು. ಮೂಲೆಯಲ್ಲಿ ಒಂದು ನರ್ಮ್ ನಿಂತಿತ್ತು, ಖಾಲಿ. ನಮ್ಮ ಮನೆ ಕಡೆಯದಲ್ಲ ಎಂದು ನಾನು ಹೇಳುವುದರೊಳಗೆ ಅಕ್ಕ ಹತ್ತಿ ಮುಂದಿನ ಸೀಟಿನಲ್ಲಿ ಕೂತು ಆಧಾರ್ ಹಿಡಿದಾಗಿತ್ತು.

'ಎಲ್ಲಿಗೆ ಅಮ್ಮ?'

'ಇದು ಎಲ್ಲಿಗೆ ಹೋಗುತ್ತೆ?'

'ಕುಂಜತ್ತಬೈಲಿಗೆ.'

'ಅಲ್ಲಿಗೇ ಒಂದು ಕೊಡಪ್ಪ.'

ಸೊನ್ನೆ ರೂಪಾಯಿಯ ಚೀಟಿಯನ್ನು ಅವಳು ಎರಡು ಸಲ ಓದಿ, ಮಡಚಿ ಪರ್ಸಿನಲ್ಲಿಟ್ಟಳು. ನಾನು ದುಡ್ಡು ಕೊಟ್ಟು ಟಿಕೆಟ್ಟು ತೆಗೆದುಕೊಂಡು ಅಭ್ಯಾಸಬಲದಿಂದ ಹಿಂದೆ ಹೋಗಿ ಕೂತೆ. ಬಸ್ಸು ಹೊರಟಿತು. ಜ್ಯೋತಿಯಲ್ಲಿ ನಾಲ್ಕು ಜನ ಹತ್ತಿದರು. ಅವರ ತಲೆಗಳ ಮೇಲಿಂದ ದನಿ ಬಂತು:

'ಏ ತಮ್ಮಾ, ಅಲ್ಲೂ ಸಮುದ್ರ ಇದೆಯೇನೋ?'

'ಇಲ್ಲ ಅಮ್ಮ, ಅದು ಗುಡ್ಡೆ' ಎಂದ ಕಂಡಕ್ಟರ್.