ಸಂಬಳದ ಜಿಂಕೆ

ಹಂಪಿ ದಾಟಿ ಬಂದ ತುಂಗಭದ್ರೆಯೇ ನಮ್ಮ ದಢೇಸುಗೂರಿನ ಹೊಳೆ. ಅದೇ ಹಂಪಿಯಲ್ಲಿ, ವಿಜಯನಗರದ ಶ್ರೀಮಂತರು ಇದ್ದ ಭಾಗವನ್ನು ಅಗೆದಾಗ ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ. ಸಮುದ್ರ ದಾಟಿ ಬಂದ ತಟ್ಟೆ-ಬಟ್ಟಲುಗಳು!

ಚೀನಾದ ನೀಲಿ-ಬಿಳಿ ಪಿಂಗಾಣಿಗೆ ಹೆಸರಾದ ಊರು ಜಿಂಗ್ಡೆಜೆನ್. ಬಿಳಿ ಪಾತ್ರೆ ಮೇಲೆ ಕೋಬಾಲ್ಟಿನಿಂದ ಚಿತ್ರ ಬರೆದು, ಗಾಜಿನಂಥ ಲೇಪ ಕೊಟ್ಟು, ಸುಮಾರು 1300 ಡಿಗ್ರಿ ಶಾಖದಲ್ಲಿ ಸುಡ್ತಿದ್ರು. 14ನೇ ಶತಮಾನದಲ್ಲಿ ಒಳ್ಳೇ ಕೋಬಾಲ್ಟ್ ಬರ್ತಿದ್ದದ್ದು ಇರಾನಿನಿಂದ.

ಆ ಪಾತ್ರೆಗಳ ಮೇಲಿನ ಪ್ರಾಣಿಗಳು ಬರೀ ಅಲಂಕಾರಕ್ಕಲ್ಲ. ಐದು ಉಗುರಿನ ಡ್ರ್ಯಾಗನ್ ಅಂದ್ರೆ ಚಕ್ರವರ್ತಿಯ ಗುರುತು. ಮೀನಿಗೆ ಚೀನೀ ಭಾಷೆಯಲ್ಲಿ 'ಯು'. 'ಮಿಗುವಷ್ಟು' ಅನ್ನೋದಕ್ಕೂ ಅದೇ ಉಚ್ಚಾರ. ಹಾಗಾಗಿ ಮೀನು ಬರೆದ್ರೆ ಮನೆ ತುಂಬಿರಲಿ ಅಂತ ಹಾರೈಕೆ. ಜಿಂಕೆ 'ಲು', ಸರ್ಕಾರಿ ಅಧಿಕಾರಿಯ ಸಂಬಳವೂ 'ಲು'. ತಟ್ಟೆ ಮೇಲೆ ಜಿಂಕೆ ಇದ್ರೆ, ಒಳ್ಳೇ ನೌಕರಿ ಸಿಗಲಿ ಅಂತ!

ಈ ಶ್ಲೇಷೆ ಕನ್ನಡಕ್ಕೆ ದಾಟೋದಿಲ್ಲ. ಹಂಪಿಯ ಸೀಮೆಯನ್ನೇ ಕಿಷ್ಕಿಂಧೆ ಅನ್ನೋ ನಮಗೆ, ಹಜಾರರಾಮ ದೇವಾಲಯದ ಗೋಡೆ ತುಂಬ ರಾಮಾಯಣ ಕೆತ್ತಿದ ಜನಕ್ಕೆ, ಜಿಂಕೆ ಅಂದ್ರೆ ಮೊದಲು ನೆನಪಾಗೋದು ಮಾರೀಚ. ಚೀನೀಯರಿಗೆ ಸಂಬಳ, ನಮಗೆ ಮೋಸ.

ನನ್ನ ಓರಗೆಯವರು ಭತ್ತದ ಗದ್ದೆ ಬಿಟ್ಟು ಬೆಂಗಳೂರಿಗೆ ಬಂದದ್ದು ಜಿಂಕೆಯ ಹಿಂದೆಯೇ. ಅದು ಯಾವ ಜಿಂಕೆ ಅಂತ ಕೇಳಿದ್ರೆ, ಒಂದನೇ ತಾರೀಖು ಒಂದು ಉತ್ತರ ಹೇಳ್ತೀವಿ. "ಕೊಯ್ಲಿಗಾದ್ರೂ ಬರ್ತೀಯೇನು?" ಅಂತ ಅಪ್ಪ ಫೋನ್ ಮಾಡಿದ ದಿನ ಇನ್ನೊಂದು.