ಹನ್ನೆರಡನೆಯ ಕುರ್ಚಿ

ಹೆಂಗಸರ ಜಂಬವೆಲ್ಲ ಸೀರೆ, ಒಡವೆಗಳಲ್ಲಿ ಎಂದು ಗಂಡಸರು ತಮಾಷೆ ಮಾಡುತ್ತಾರೆ. ನನ್ನದು ಒಂದು ವರ್ಷ ಹಿಮ್ಮಡಿಗೆ ಇಳಿದಿತ್ತು.

ಯೇಸುಸ್ವಾಮಿ ಶಿಲುಬೆಗೇರುವ ಹಿಂದಿನ ರಾತ್ರಿ ಶಿಷ್ಯರ ಪಾದ ತೊಳೆದರು. ಅದರ ನೆನಪಿಗೆ ಪವಿತ್ರ ಗುರುವಾರದ ಸಂಜೆ ನಮ್ಮ ಚರ್ಚುಗಳಲ್ಲಿ ಫಾದರ್ ಹನ್ನೆರಡು ಜನರ ಮುಂದೆ ಮಂಡಿಯೂರಿ ಅವರ ಪಾದ ತೊಳೆದು ಒರೆಸುತ್ತಾರೆ. ಮೊದಲು ಗಂಡಸರ ಪಾದ ಮಾತ್ರ ಎಂಬ ನಿಯಮವಿತ್ತು. 2016ರ ಜನವರಿಯಲ್ಲಿ ಆಗಿನ ಪೋಪ್ ಫ್ರಾನ್ಸಿಸರ ಇಚ್ಛೆಯಂತೆ ಹೆಂಗಸರಿಗೂ ಅವಕಾಶವಾಯಿತು. ನಮ್ಮ ಫಾದರ್ "ಈ ಸಲ ಆರು ಜನ ಹೆಂಗಸರು" ಎಂದು ಪ್ರಕಟಿಸಿದರು.

ನನ್ನ ಹೆಸರು ಇದ್ದೇ ಇರುತ್ತದೆಂದುಕೊಂಡೆ. ವರ್ಷಗಟ್ಟಲೆ ಪೂಜೆಯಲ್ಲಿ ವಾಚನ ಓದಿದವಳು, ಮಕ್ಕಳಿಗೆ ಧರ್ಮೋಪದೇಶ ಹೇಳಿದವಳು. ರಾತ್ರಿ ಬಿಸಿನೀರಿಗೆ ಉಪ್ಪು ಹಾಕಿ ಕಾಲು ನೆನೆಸಿ, ಕಲ್ಲಿನಿಂದ ಉಜ್ಜಿ, ಕೊಬ್ಬರಿ ಎಣ್ಣೆ ಸವರತೊಡಗಿದೆ. "ಇದೇನು, ತಪಸ್ಸುಕಾಲದ ಹೊಸ ವ್ರತವೇ?" ಎಂದು ನಮ್ಮವರು ನಕ್ಕರು.

ಪಟ್ಟಿ ಓದಿದಾಗ ನನ್ನ ಹೆಸರಿರಲಿಲ್ಲ. ನಮ್ಮ ಶಾಲೆಯ ಇನ್ನೊಬ್ಬ ಕನ್ನಡ ಟೀಚರ ಹೆಸರಿತ್ತು.

ಅವರ ಮೇಲಿನ ನನ್ನ ಹೊಟ್ಟೆಕಿಚ್ಚು ಹಳೆಯದು. ಹತ್ತನೆಯ ತರಗತಿಯ ಒಂದು ವಿಭಾಗ ನನಗೆ, ಇನ್ನೊಂದು ಅವರಿಗೆ. ಫಲಿತಾಂಶ ಬಂದಾಗ ನನ್ನ ಕಣ್ಣು ಮೊದಲು ಹೋಗುತ್ತಿದ್ದುದು ಅವರ ಮಕ್ಕಳ ಅಂಕಗಳತ್ತ. ಅಲ್ಲೊಬ್ಬ ನಪಾಸಾದರೆ ಬಾಯಲ್ಲಿ "ಅಯ್ಯೋ ಪಾಪ", ಹೊಟ್ಟೆಯೊಳಗೆ ತಂಪು. ಇಂಥದ್ದು ನಿಮಗೂ ಒಮ್ಮೆಯಾದರೂ ಆಗಿದ್ದೀತು.

ಪೂಜೆ ಮುಗಿಸಿ ಹೊರಬರುವಾಗ ಪಕ್ಕದಾಕೆಗೆ ಹೇಳಿದೆ: "ಆ ಒಡೆದ ಕಾಲು ತೊಳೆಯೋಕೆ ಫಾದರ್‌ಗೆ ಒಂದು ಹಂಡೆ ನೀರು ಬೇಕಾದೀತು ಕಣ್ರೀ." ಇಬ್ಬರೂ ನಕ್ಕೆವು. ಆ ಟೀಚರು ನಸುಕಿನಲ್ಲೆದ್ದು, ಕೊಟ್ಟಿಗೆ ಗುಡಿಸಿ, ಹಾಲು ಕರೆದು ಶಾಲೆಗೆ ಬರುವವರೆಂದು ನನಗೆ ಗೊತ್ತಿತ್ತು.

ಗುರುವಾರ ಸಂಜೆ ಹನ್ನೊಂದು ಕುರ್ಚಿ ತುಂಬಿದವು. ಹನ್ನೆರಡನೆಯದು ಖಾಲಿ. ಫಾದರ್ ಸ್ವಲ್ಪ ಕಾದು, ವಾಚನ ಓದಿ ಮುಂದಿನ ಬೆಂಚಿನಲ್ಲಿ ಕುಳಿತಿದ್ದ ನನಗೇ ಸನ್ನೆ ಮಾಡಿದರು. ನನ್ನ ಮಾತು ಅವರ ಕಿವಿಗೆ ಮುಟ್ಟಿದೆಯೆಂದು ಆಗಲೇ ತಿಳಿದದ್ದು.

ಬಯಸಿದ ಕುರ್ಚಿ ಸಿಕ್ಕಿತು. ಉಗುರುಬೆಚ್ಚಗಿನ ನೀರು ಕಾಲಿಗೆ ಕೆಂಡದಂತಿತ್ತು. ಆ ಕೊನೆಯ ಊಟದ ಪಂಕ್ತಿಯಲ್ಲೂ ಶಿಷ್ಯರು ತಮ್ಮಲ್ಲಿ ಯಾರು ದೊಡ್ಡವರೆಂದು ವಾದ ಮಾಡಿಕೊಂಡರೆಂದು ಲೂಕನ ಶುಭಸಂದೇಶದಲ್ಲಿದೆ. ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟ ಕಥೆ. ಅದು ನನ್ನ ಕಥೆಯೆಂದು ಅಂದು ತಿಳಿಯಿತು. ನುಣ್ಣಗಿದ್ದ ನನ್ನ ಹಿಮ್ಮಡಿಯನ್ನು ನೋಡಲಾರದೆ ಕಣ್ಣು ಮುಚ್ಚಿದೆ. ಜನ ಭಕ್ತಿಯೆಂದುಕೊಂಡರು.

ಮರುದಿನ ಪಾಪನಿವೇದನೆ ಮಾಡಿದೆ. "ದೇವರ ಹತ್ತಿರ ಹೇಳಿದ್ದಾಯಿತು. ಇನ್ನು ಅವರ ಹತ್ತಿರವೂ ಹೇಳಿ ಬನ್ನಿ ಟೀಚರ್" ಎಂದರು ಫಾದರ್.

ಶನಿವಾರ ಅವರ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಹೇಳಬೇಕಾದ್ದನ್ನು ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದರು. "ಕಾಲು ಒಡೆದಿರೋದು ನಿಜವೇ ಟೀಚರ್. ಆದ್ರೆ ಆ ಮಾತು ನಿಮ್ಮ ಬಾಯಲ್ಲಿ ಬಂತಲ್ಲ ಅಂತ ನೋವಾಯ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಿಮ್ಮ ಕ್ಲಾಸಿನ ಹೊರಗೆ ನಿಂತು ಕೇಳಿಸಿಕೊಂಡೇ ನಾನು ಪಾಠ ಮಾಡೋದು ಕಲಿತದ್ದು" ಎಂದರು. ಆಮೇಲೆ ಒಳಗೆ ಕರೆದು ಕಾಫಿ ಕೊಟ್ಟರು. ಆ ಕಾಫಿ ಗಂಟಲಿನಲ್ಲಿ ಇಳಿಯಲಿಲ್ಲ.

ಅಂದಿಗೆ ಅಸೂಯೆ ಸತ್ತುಹೋಯಿತೆಂದರೆ ಸುಳ್ಳಾಗುತ್ತದೆ. ಅದು ಪಾತ್ರೆಯ ಮಸಿಯಂತೆ, ದಿನವೂ ತಿಕ್ಕಬೇಕು. ಬೆಳಗಿನ ಪ್ರಾರ್ಥನೆಯಲ್ಲಿ ನನ್ನ ಮಕ್ಕಳ ಹೆಸರಿಗಿಂತ ಮೊದಲು ಅವರ ಹೆಸರು ಹೇಳತೊಡಗಿದೆ. ಮೊದಮೊದಲು ನಾಲಿಗೆ ತೊಡರುತ್ತಿತ್ತು. ಆದರೆ ಒಬ್ಬರಿಗಾಗಿ ದಿನವೂ ಬೇಡಿಕೊಳ್ಳುತ್ತ ಅವರ ಸೋಲಿಗೆ ಕಾಯುವುದು ಬಹಳ ದಿನ ಸಾಧ್ಯವಾಗುವುದಿಲ್ಲ. ಈಗ ನನ್ನ ಟಿಪ್ಪಣಿ ಅವರಿಗೆ, ಅವರದು ನನಗೆ. ಫಲಿತಾಂಶವನ್ನು ಇಬ್ಬರೂ ಒಟ್ಟಿಗೆ ಕುಳಿತು ನೋಡುತ್ತೇವೆ.

ಮರುವರ್ಷ ಆ ಕುರ್ಚಿಯಲ್ಲಿ ಅವರೇ ಕುಳಿತರು. ಪಾದ ತೊಳೆಯುವ ನೀರು ಕಾಯಿಸುವ ಕೆಲಸವನ್ನು ನಾನು ಕೇಳಿ ಪಡೆದೆ. ಈಗಲೂ ಅದು ನನ್ನದೇ. ನೀರನ್ನು ಇಷ್ಟು ಹದವಾಗಿ ಬೇರೆ ಯಾರೂ ಕಾಯಿಸಲಾರರು ಎಂದು ಆಗಾಗ ಅನ್ನಿಸುವುದುಂಟು. ಅನ್ನಿಸಿದ ಕೂಡಲೇ ಚೊಂಬನ್ನು ಪಕ್ಕದವರ ಕೈಗೆ ಕೊಡುತ್ತೇನೆ.