ಚೀಲದೊಳಗೆ ಬಂದ ದ್ವೀಪದ ತುಂಡು

ಮಕ್ಕಳೇ, ಮೂವತ್ತೆರಡು ವರ್ಷ ನಾನು ಶಾಲೆಯಲ್ಲಿ ಭೂಗೋಳ ಪಾಠ ಮಾಡಿದವಳು. ಪ್ರತಿ ವರ್ಷ ಲಕ್ಷದ್ವೀಪದ ಪಾಠ ಬಂದಾಗ ಕಪ್ಪು ಹಲಗೆಯ ಮೇಲೆ ಮೂರು ಚಿತ್ರ ಬರೆಯುತ್ತಿದ್ದೆ. ಮೊದಲನೆಯದರಲ್ಲಿ ಸಮುದ್ರದ ನಡುವೆ ಒಂದು ಜ್ವಾಲಾಮುಖಿ ಬೆಟ್ಟ, ಅದರ ಸುತ್ತ ಹವಳದ ಅಂಚು. ಎರಡನೆಯದರಲ್ಲಿ ಬೆಟ್ಟ ಅರ್ಧ ಮುಳುಗಿದೆ, ಹವಳ ಮಾತ್ರ ಮೇಲಕ್ಕೆ ಬೆಳೆದಿದೆ. ಮೂರನೆಯದರಲ್ಲಿ ಬೆಟ್ಟವೇ ಇಲ್ಲ. ಬಳೆಯ ಹಾಗೆ ಹವಳದ ಸುತ್ತು, ಅದರೊಳಗೆ ತಿಳಿನೀರು. "ಇದೇ ಹವಳದ ದ್ವೀಪ" ಎಂದು ಹೇಳಿ ಡಸ್ಟರ್ ಎತ್ತಿಕೊಳ್ಳುತ್ತಿದ್ದೆ.

ಒಮ್ಮೆ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಮಿಸ್, ನೀವು ನೋಡಿದ್ದೀರಾ?"

"ಕೂತ್ಕೊಳೋ" ಎಂದೆ. ನಾನು ನೋಡಿರಲಿಲ್ಲ. ಹಾಸನದಿಂದ ಧರ್ಮಸ್ಥಳ ದಾಟಿ ಮಂಗಳೂರಿನ ದಡದಲ್ಲಿ ಕಾಲು ನೆನೆಸಿ ಬಂದದ್ದಷ್ಟೇ ನನ್ನ ಸಮುದ್ರ.

ನಿವೃತ್ತಿಯಾಗಿ ಹತ್ತು ವರ್ಷದ ಮೇಲೆ ಮಗ ಒಂದು ದಿನ, "ಅಮ್ಮ, ಹಡಗಲ್ಲಿ ಹೋಗೋಣ. ಐದು ದಿನ, ಮೂರು ದ್ವೀಪ" ಎಂದ. ಮಂಡಿ ನೋವಿದೆ ಎಂದೆ. ವಾಂತಿಯಾದರೆ ಎಂದೆ. ಆರನೇ ತರಗತಿಯ ಮೊಮ್ಮಗ ಪುಟ್ಟ, ಎರಡನೇ ತರಗತಿಯ ಚಿನ್ನಿ ಇಬ್ಬರೂ ನನ್ನ ಸೆರಗು ಹಿಡಿದುಕೊಂಡರು. ಲಕ್ಷದ್ವೀಪ ನಮ್ಮ ದೇಶದ್ದೇ ಆದರೂ ಹೊರಗಿನವರು ಅಲ್ಲಿಗೆ ಹೋಗಲು ಅನುಮತಿ ಪತ್ರ ಬೇಕು. ನನ್ನ ಫೋಟೋ ಅಂಟಿಸಿದ ಅರ್ಜಿ ಆಗಲೇ ಹೋಗಿಬಿಟ್ಟಿತ್ತು.

ಹಡಗು ಹೊರಡುವುದು ಕೊಚ್ಚಿಯಿಂದ. ಬಂದರಿರುವ ವಿಲಿಂಗ್ಡನ್ ದ್ವೀಪವನ್ನು ಕಡಲಿನ ಹೂಳೆತ್ತಿ ಸುರಿದು ಮನುಷ್ಯರೇ ಮಾಡಿದ್ದು. ನಮ್ಮ ಹಡಗಿನ ಹೆಸರು 'ಕವರತ್ತಿ'. ಸುಮಾರು 700 ಜನ ಹಿಡಿಸುತ್ತದೆ. ಅದರಲ್ಲಿ ಪ್ರವಾಸಿಗಳು ಸ್ವಲ್ಪ, ಊರಿಗೆ ಮರಳುವ ದ್ವೀಪದವರು ಬಹಳ. ಅವರು ಈರುಳ್ಳಿ ಮೂಟೆ, ಕೋಳಿಮೊಟ್ಟೆಯ ಟ್ರೇ, ಸೈಕಲ್ಲು, ಆಸ್ಪತ್ರೆಯ ಎಕ್ಸ್‌ರೇ ಕವರು ಹಿಡಿದು ಹತ್ತುತ್ತಿದ್ದರು. ನಮಗೆ ಅದು ವಿಹಾರ, ಅವರಿಗೆ ಅದು ಊರಿನ ಬಸ್ಸು.

ಫೋರ್ಟ್ ಕೊಚ್ಚಿಯ ಚೀನಾ ಬಲೆಗಳು ದೊಡ್ಡ ಕೊಕ್ಕರೆಗಳ ಹಾಗೆ ದಡದಲ್ಲಿ ಬಾಗಿ ನಿಂತಿದ್ದವು. ಅವು ಚಿಕ್ಕದಾಗುತ್ತ ಆಗುತ್ತ ಮರೆಯಾದವು. ಸಂಜೆಯ ಹೊತ್ತಿಗೆ ನಾಲ್ಕೂ ಕಡೆ ನೀರೇ. ಹಡಗು ಮೆಲ್ಲಗೆ ತೂಗತೊಡಗಿತು. ನಿಂಬೆಹಣ್ಣು ಮೂಸುತ್ತ, ಒಣಶುಂಠಿ ಜಗಿಯುತ್ತ ಮೇಲಿನ ಡೆಕ್ಕಿನಲ್ಲಿ ಕೂತೆ. ಸೊಸೆ, "ಅತ್ತೆ, ದೂರದ ಗೆರೆ ನೋಡ್ತಾ ಇರಿ, ತಲೆ ತಿರುಗಲ್ಲ" ಎಂದಳು. ಅದು ನಿಜವಾಗಿಯೂ ಕೆಲಸ ಮಾಡಿತು. ನೀವೂ ನೆನಪಿಟ್ಟುಕೊಳ್ಳಿ.

ನಕ್ಷತ್ರಗಳ ಕೆಳಗೆ ಮೊಮ್ಮಕ್ಕಳಿಗೆ ನನ್ನ ಮೂರು ಚಿತ್ರದ ಕಥೆ ಹೇಳಿದೆ. ಆ ಚಿತ್ರಗಳ ಹಿಂದಿರುವ ವಿಚಾರ ಚಾರ್ಲ್ಸ್ ಡಾರ್ವಿನ್ ಅವರದು. ಬೆಟ್ಟ ನಿಧಾನವಾಗಿ ಕುಸಿಯುತ್ತದೆ, ಹವಳ ಬೆಳಕಿಗಾಗಿ ಮೇಲೆ ಮೇಲೆ ಬೆಳೆಯುತ್ತದೆ ಎಂದು ಅವರು 1842ರಲ್ಲಿ ಪುಸ್ತಕ ಬರೆದರು. ಆದರೆ ಆ ವಿಚಾರ ಹೊಳೆದದ್ದು ದಕ್ಷಿಣ ಅಮೆರಿಕದ ತೀರದಲ್ಲಿ, ಅವರು ಒಂದೂ ನಿಜವಾದ ಹವಳದ ದಿಬ್ಬವನ್ನು ನೋಡುವ ಮೊದಲೇ! 1952ರಲ್ಲಿ ಪೆಸಿಫಿಕ್ ಸಾಗರದ ಎನಿವೆಟಾಕ್ ಎಂಬಲ್ಲಿ ಬೋರು ಕೊರೆದಾಗ, 1,200 ಮೀಟರಿಗೂ ಆಳದಲ್ಲಿ ಜ್ವಾಲಾಮುಖಿಯ ಕಲ್ಲು ಸಿಕ್ಕಿತು. ಡಾರ್ವಿನ್ ಹೇಳಿದ್ದು ಸರಿಯಾಗಿತ್ತು.

"ಹಾಗಾದ್ರೆ ಅವರೂ ನೋಡದೇ ಪಾಠ ಮಾಡಿದ್ರಾ ಅಜ್ಜಿ?" ಎಂದ ಪುಟ್ಟ.

"ಹೂಂ. ಆದ್ರೆ ಆಮೇಲೆ ಹೋಗಿ ನೋಡಿದ್ರು" ಎಂದೆ.

ಬೆಳಿಗ್ಗೆ ಎದ್ದಾಗ ಮಿನಿಕಾಯ್ ಕಾಣುತ್ತಿತ್ತು. ಕೊಚ್ಚಿಯಿಂದ ಸುಮಾರು 400 ಕಿಲೋಮೀಟರು. ಹವಳದ ಅಂಚಿಗೆ ತಾಗುವ ಭಯದಿಂದ ದೊಡ್ಡ ಹಡಗು ದೂರದಲ್ಲೇ ನಿಲ್ಲುತ್ತದೆ. ಸಣ್ಣ ದೋಣಿಗಳು ಬಂದು ಅದರ ಪಕ್ಕಕ್ಕೆ ಅಂಟಿಕೊಳ್ಳುತ್ತವೆ. ಹಡಗಿನ ಬಾಗಿಲಿಂದ ದೋಣಿಗೆ ಇಳಿಯುವುದೇ ದೊಡ್ಡ ಪರೀಕ್ಷೆ. ದೋಣಿ ಒಮ್ಮೆ ನಮ್ಮ ಕಾಲಿನ ಸಮಕ್ಕೆ ಏಳುತ್ತದೆ, ಮರುಕ್ಷಣ ಬಾವಿಯೊಳಗೆ ಹೋದ ಹಾಗೆ ಕೆಳಕ್ಕೆ. ಮೇಲೆ ಬಂದಾಗಲೇ ಕಾಲಿಡಬೇಕು. ಚಿನ್ನಿ ಪುಟಕ್ಕನೆ ಹೋದಳು. ನಾನು ಬಾಗಿಲಲ್ಲಿ ನಿಂತುಬಿಟ್ಟೆ. ಹಿಂದಿನವರೆಲ್ಲ ಕಾಯುತ್ತಿದ್ದರು. ಇಬ್ಬರು ನಾವಿಕರು ನನ್ನ ರಟ್ಟೆ ಹಿಡಿದು, "ಈಗ ಬೇಡಮ್ಮಾ... ಈಗ ಬೇಡ... ಈಗ!" ಎಂದು ಸನ್ನೆ ಮಾಡಿದರು. ಕಣ್ಣು ತೆರೆದಾಗ ದೋಣಿಯಲ್ಲಿದ್ದೆ. ನನ್ನ ಪಕ್ಕದಲ್ಲಿ ಕೂತಿದ್ದ ದ್ವೀಪದ ಮುದುಕಿ ಎರಡು ಕೋಳಿಮೊಟ್ಟೆ ಟ್ರೇ ಹಿಡಿದೇ ಇಳಿದಿದ್ದಳು! ಒಂದೂ ಒಡೆದಿರಲಿಲ್ಲ.

ಹವಳದ ಅಂಚು ದಾಟಿದೊಡನೆ ಅಲೆ ನಿಂತಿತು. ಕಡುನೀಲಿ ಹೋಗಿ ನೀರು ಪಚ್ಚೆ ಬಣ್ಣವಾಯಿತು, ಆಮೇಲೆ ಗಾಜಿನಂತೆ ತಿಳಿಯಾಯಿತು. ಹವಳದ ಬೇಲಿಯೊಳಗಿನ ಈ ಶಾಂತ ನೀರಿಗೆ ಲಗೂನು ಎನ್ನುತ್ತಾರೆ. ತಳದ ಮರಳಿನ ಮೇಲೆ ನಮ್ಮ ದೋಣಿಯ ನೆರಳು ಈಜುತ್ತಿತ್ತು.

ಮಿನಿಕಾಯ್‌ನಲ್ಲಿ 1885ರಲ್ಲಿ ಕಟ್ಟಿದ ದೀಪಸ್ತಂಭವಿದೆ. ನನ್ನ ಮಂಡಿ ಕೆಳಗೇ ಕೂತಿತು. ಪುಟ್ಟ ಅಪ್ಪನ ಜೊತೆ ಮೇಲೆ ಹತ್ತಿ ಅಲ್ಲಿಂದ ಏನೋ ಕೂಗಿದ, ಗಾಳಿಗೆ ಕೇಳಿಸಲಿಲ್ಲ. ಇಳಿದು ಬಂದು ಏದುಸಿರಿನಲ್ಲಿ ಹೇಳಿದ: "ಅಜ್ಜಿ, ನಿನ್ನ ಮೂರನೇ ಚಿತ್ರ! ಆದ್ರೆ ಪೂರ್ತಿ ಬಳೆ ಥರ ಇಲ್ಲ. ದ್ವೀಪ ಕುಡುಗೋಲಿನ ಥರ ಇದೆ. ಮಿಕ್ಕಿದ್ದು ಬರೀ ಬಿಳಿ ನೊರೆ ಗೆರೆ." ಆ ನೊರೆಯ ಗೆರೆಯ ಕೆಳಗೇ ಹವಳದ ಅಂಚು ಇರುವುದು. ಮೂವತ್ತೆರಡು ವರ್ಷ ನಾನು ಬಳೆಯನ್ನು ತುಂಬ ದುಂಡಗೆ ಬರೆದಿದ್ದೆ.

ಈ ದ್ವೀಪದ ಮಾತು ಮಹಲ್. ಉಳಿದ ದ್ವೀಪಗಳ ಮಲಯಾಳಕ್ಕಲ್ಲ, ಮಾಲ್ಡೀವ್ಸ್‌ನ ದಿವೆಹಿ ಭಾಷೆಗೆ ಅದು ಹತ್ತಿರ. ಅದರ ತಾನ ಲಿಪಿಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ತಮಾಷೆ ಗೊತ್ತೇ? ಅದರ ಮೊದಲ ಒಂಬತ್ತು ಅಕ್ಷರಗಳು ಹುಟ್ಟಿದ್ದು ಅರಬ್ಬಿ ಅಂಕಿಗಳಿಂದ. ಒಂದರಿಂದ ಒಂಬತ್ತರ ತನಕ ಎಣಿಸಿದವರೇ ಅಕ್ಷರ ಕಲಿತ ಹಾಗಾಯಿತು! ಅಲ್ಲಿಯ ಮೀನುಗಾರರು ಸೂರೆ ಮೀನನ್ನು ಬಲೆ ಹಾಕಿ ಬಾಚುವುದಿಲ್ಲ. ಸಣ್ಣ ಮೀನು ಎಸೆದು, ನೀರು ಚಿಮುಕಿಸಿ ಕರೆಯುತ್ತಾರೆ. ಗಳುವಿಗೆ ಕಟ್ಟಿದ ಒಂದು ಗಾಳಕ್ಕೆ ಒಂದೇ ಮೀನು.

ಮರುದಿನ ಕಲ್ಪೇನಿ. ನನ್ನ ಕಥೆ ಕೆಟ್ಟದ್ದು ಅಲ್ಲೇ.

1847ರಲ್ಲಿ ಆ ದ್ವೀಪಕ್ಕೆ ಭಯಂಕರ ಚಂಡಮಾರುತ ಬಡಿದಿತ್ತು. ಸಮುದ್ರ ಎತ್ತಿ ಎಸೆದ ಹವಳದ ತುಂಡುಗಳು ಪೂರ್ವದ ದಡದ ಉದ್ದಕ್ಕೂ ದಿಬ್ಬವಾಗಿ ಬಿದ್ದಿವೆ. ಮಕ್ಕಳು ಲಗೂನಿನಲ್ಲಿ ನೀರಾಟ ಆಡುವಾಗ ನಾನು ಆ ಕಡೆ ನಡೆದೆ. ಕೊಂಬೆಯಂಥವು, ಹೂಕೋಸಿನಂಥವು, ನಮ್ಮ ಮಿದುಳಿನ ಸುರುಳಿಯಂಥವು. ಅಂಗೈಯಗಲದ ಒಂದು ತುಂಡು ಕಾಲಿಗೆ ಸಿಕ್ಕಿತು. ಅದರ ತುಂಬ ಸಾಸಿವೆ ಕಾಳಿನಷ್ಟು ನಕ್ಷತ್ರಗಳು. ಒಂದೊಂದು ನಕ್ಷತ್ರವೂ ಒಂದು ಪುಟಾಣಿ ಜೀವಿಯ ಮನೆ. ಆ ಜೀವಿ ನೀರಿನಿಂದ ಸುಣ್ಣದ ಅಂಶ ಹೀರಿ ಮನೆ ಕಟ್ಟಿಕೊಳ್ಳುತ್ತದೆ. ಅದು ಸತ್ತ ಮೇಲೆ ಅದರ ಮನೆಯ ಮೇಲೆ ಇನ್ನೊಂದು ಮನೆ. ಹೀಗೇ ಸಾವಿರಾರು ವರ್ಷ.

ನನಗೆ ಆ ಕೊನೆಯ ಬೆಂಚಿನ ಹುಡುಗ ನೆನಪಾದ. ಇದನ್ನು ನಮ್ಮ ಶಾಲೆಯ ಮೇಜಿನ ಮೇಲಿಟ್ಟರೆ! ಮಕ್ಕಳು ಮುಟ್ಟಿ ನೋಡಬಹುದು. ಸತ್ತ ಹವಳ ತಾನೆ, ಇಷ್ಟೊಂದು ಬಿದ್ದಿದೆ, ಒಂದು ಹೋದರೇನು? ಕರವಸ್ತ್ರದಲ್ಲಿ ಸುತ್ತಿ ಕೈಚೀಲದ ತಳಕ್ಕೆ ಸೇರಿಸಿದೆ. ದೋಣಿ ಇಳಿಯುವಾಗಲೇ ಮಾರ್ಗದರ್ಶಿ ಹೇಳಿದ್ದ ಮಾತು ಕಿವಿಯಲ್ಲಿತ್ತು: "ಹವಳ ಮುಟ್ಟಬೇಡಿ, ತೆಗೆಯಬೇಡಿ." ನಾನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವಳಾದೆ.

ರಾತ್ರಿ ಹಡಗಿನ ಕೋಣೆಯಲ್ಲಿ ಚಿನ್ನಿ ಶುಂಠಿ ಪೆಪ್ಪರ್‌ಮೆಂಟು ಹುಡುಕಲು ನನ್ನ ಚೀಲಕ್ಕೆ ಕೈಹಾಕಿದಳು. "ಅಜ್ಜೀ, ಕಲ್ಲು!"

ಪುಟ್ಟ ಅದನ್ನು ತೆಗೆದುಕೊಂಡು ದೀಪದ ಕೆಳಗೆ ತಿರುಗಿಸಿ ನೋಡಿದ. ಅವನು ನನ್ನನ್ನು ಬೈಯಲಿಲ್ಲ. "ಅಜ್ಜಿ, ಇದು ದ್ವೀಪ ಅಲ್ವಾ?" ಎಂದ, ಅಷ್ಟೆ.

"ಸಣ್ಣ ತುಂಡು ಕಣೋ, ಶಾಲೆಗೆ..." ಎಂದೆ.

"ದ್ವೀಪ ಅಂದ್ರೆ ಇಂಥ ತುಂಡು ಪುಡಿಯಾಗಿ ಆದ ಮರಳೇ ಅಂತ ನೀನೇ ಹೇಳಿದ್ದೆ ತಾನೆ? ಎಲ್ರೂ ಶಾಲೆಗೆ ಅಂತ ಒಂದೊಂದು ತಗೊಂಡು ಹೋದ್ರೆ?"

ಮೂವತ್ತೆರಡು ವರ್ಷದಲ್ಲಿ ಎಷ್ಟೋ ಮಕ್ಕಳು ಕದ್ದ ಮಾವಿನಕಾಯಿ, ಪೆನ್ಸಿಲ್ಲು ನನ್ನ ಮೇಜಿಗೆ ಬಂದಿವೆ. ಆ ಮಕ್ಕಳು ಹೇಗೆ ನಿಂತಿರುತ್ತಿದ್ದರೋ ಹಾಗೇ ಕೂತಿದ್ದೆ. ಮಗ ಮೆಲ್ಲಗೆ ಹೇಳಿದ, "ಅಮ್ಮ, ಹುಲಿಯನ್ನ ಕಾಯೋ 1972ರ ವನ್ಯಜೀವಿ ಕಾಯ್ದೆಯೇ ಹವಳವನ್ನೂ ಕಾಯುತ್ತೆ." ನನಗೆ ಕಾಯ್ದೆಗಿಂತ ಮೊಮ್ಮಗನ ಪ್ರಶ್ನೆಯೇ ಹೆಚ್ಚು ಚುಚ್ಚಿತು. ಆ ರಾತ್ರಿ ಹಡಗು ತೂಗುತ್ತಿದ್ದರೂ ನಿದ್ದೆ ಬರಲಿಲ್ಲ.

ನಾಲ್ಕನೇ ದಿನ ರಾಜಧಾನಿ ಕವರತ್ತಿ. ದಡ ಮುಟ್ಟಿದೊಡನೆ ನಾನೇ ಮಾರ್ಗದರ್ಶಿಯ ಬಳಿ ಹೋಗಿ ಕರವಸ್ತ್ರ ಬಿಚ್ಚಿದೆ. ಇಪ್ಪತ್ತರ ಹರೆಯದ ಹುಡುಗ. "ತಪ್ಪಾಯ್ತಪ್ಪ, ಕಲ್ಪೇನಿಯದು" ಎಂದೆ. ಅವನಿಗೆ ಕನ್ನಡ ಬರದು, ಆದರೆ ಅರ್ಥವಾಯಿತು. ಅವನು ನಕ್ಕು, ಕಲ್ಪೇನಿಗೆ ಹೋಗುವವರ ಕೈಯಲ್ಲಿ ಕಳಿಸುತ್ತೇನೆ ಎಂದು ಮಲಯಾಳದಲ್ಲೂ ಕೈಸನ್ನೆಯಲ್ಲೂ ಹೇಳಿದ. ಆಮೇಲೆ ಪಾದದಿಂದ ಮರಳು ಕೆದಕಿ, ತನ್ನ ಸೊಂಟದ ಎತ್ತರಕ್ಕೆ ಕೈಹಿಡಿದು ತೋರಿಸಿದ. ನಮ್ಮ ದ್ವೀಪ ಸಮುದ್ರಕ್ಕಿಂತ ಇಷ್ಟೇ ಮೇಲೆ, ಎಂದು ಅದರ ಅರ್ಥ. ಸೊಂಟದೆತ್ತರವೆಂಬುದು ಅವನ ಮಾತಿನ ರೀತಿ. ಆದರೂ ಅಲ್ಲಿ ಬೆಟ್ಟವಿಲ್ಲ, ದಿಣ್ಣೆಯಿಲ್ಲ, ನದಿಯೂ ಇಲ್ಲ ಎಂಬುದು ನಿಜ.

ಗಾಜಿನ ತಳದ ದೋಣಿಯಲ್ಲಿ ನಮ್ಮನ್ನು ಕೂರಿಸಿಕೊಂಡು ಹೋದವನೂ ಅವನೇ. ಕೆಳಗೆ ಜೀವಂತ ಹವಳ! ಕಂದು, ನೇರಳೆ, ಹಸಿರು. ಹವಳದ ಜೀವಿಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗಿರುತ್ತದೆ. ಬಿಸಿಲಿನಲ್ಲಿ ಅಡುಗೆ ಮಾಡಿ ಮನೆಯೊಡೆಯನಿಗೂ ಬಡಿಸುತ್ತದೆ. ಬಣ್ಣವೂ ಬಹುಪಾಲು ಅದರದ್ದೇ. ನೀರು ಅತಿಯಾಗಿ ಬಿಸಿಯಾದರೆ ಹವಳ ಈ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. 1998, 2010, 2016ರಲ್ಲಿ ಇಲ್ಲಿ ಹಾಗೆ ಆಗಿತ್ತು. ಬೆಳ್ಳಗೆ ಸತ್ತುನಿಂತ ಹವಳವನ್ನೂ ಆ ಹುಡುಗ ತೋರಿಸಿದ. ಅದರ ಪಕ್ಕದಲ್ಲೇ ಗುಂಡಿಯಷ್ಟಗಲದ ಹೊಸ ಹವಳ ಬೆಳೆಯುತ್ತಿತ್ತು. ಒಂದು ಗಿಳಿಮೀನು ಕೊಕ್ಕಿನಂಥ ಹಲ್ಲಿನಿಂದ ಹವಳವನ್ನು ಕರಕರ ಕೆರೆಯುತ್ತಿತ್ತು. ಅದು ಪಾಚಿಯನ್ನು ಜೀರ್ಣಿಸಿಕೊಂಡು ಸುಣ್ಣದ ಪುಡಿಯನ್ನು ಹಿಂದಿನಿಂದ ಬಿಡುತ್ತದೆ. ಅದೇ ಮರಳು! ಚಿನ್ನಿ ದೋಣಿ ಅಲ್ಲಾಡುವಷ್ಟು ನಕ್ಕಳು. "ಹಾಗಾದ್ರೆ ನಾವು ಮೀನಿನ ಕಕ್ಕದ ಮೇಲೆ ಕೂತು ಎಳನೀರು ಕುಡಿದ್ವಾ?" ಹೌದು, ಸ್ವಲ್ಪ ಹಾಗೇ.

ನದಿಯಿಲ್ಲದ ಊರಿನಲ್ಲಿ ಕುಡಿಯುವ ನೀರು ಹೇಗೆ? ಮಳೆನೀರು ಮರಳಿನಲ್ಲಿ ಇಂಗಿ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳ್ಳಗೆ ತೇಲುತ್ತದೆ. ಬಾವಿಯಿಂದ ಹೆಚ್ಚು ಸೇದಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಅದಕ್ಕಾಗಿ 2005ರಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಕವರತ್ತಿಯಲ್ಲಿ ಒಂದು ಉಪಾಯ ಮಾಡಿದರು. ಸಮುದ್ರದ ಮೇಲಿನ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದಿಂದ ಎತ್ತಿದ ತಣ್ಣೀರಿನಿಂದ ಆ ಆವಿಯನ್ನು ತಂಪು ಮಾಡಿದರೆ ಸಿಹಿನೀರು. ದಿನಕ್ಕೆ 1 ಲಕ್ಷ ಲೀಟರ್ ಕೊಡುವಂತೆ ಕಟ್ಟಿದ್ದು.

ಹಿಂದಿರುಗುವ ಹಡಗಿನಲ್ಲಿ ಅಮಿನಿ ದ್ವೀಪದ ಹಿರಿಯರೊಬ್ಬರು ಸಿಕ್ಕರು. ನಾವು ಕರ್ನಾಟಕದವರು ಎಂದದ್ದಕ್ಕೆ, "ಮಂಗಳೂರು!" ಎಂದು ಕೈಹಿಡಿದರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ಬ್ರಿಟಿಷರ ಕಾಲದಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ತೆಂಗಿನ ನಾರಿನ ಹಗ್ಗ ತುಂಬಿದ ಹಾಯಿದೋಣಿಗಳು ಮಂಗಳೂರಿಗೆ ಬಂದು ಅಕ್ಕಿ ತುಂಬಿಕೊಂಡು ಹೋಗುತ್ತಿದ್ದವು. 1956ರ ನವೆಂಬರ್ 1ರಂದು ನಮ್ಮ ರಾಜ್ಯ ಒಂದಾಯಿತಲ್ಲ, ಅದೇ ದಿನ ಈ ದ್ವೀಪಗಳೂ ಸೇರಿ ಬೇರೆ ಕೇಂದ್ರಾಡಳಿತ ಪ್ರದೇಶವಾಯಿತು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ.

ಊರಿಗೆ ಬಂದ ಮೇಲೆ ನನ್ನ ಹಳೆಯ ಶಾಲೆಗೆ ಹೋಗಿದ್ದೆ. ಈಗಿನ ಮೇಡಂ ಸುಣ್ಣದ ಕಡ್ಡಿ ಕೊಟ್ಟು, "ನೀವೇ ಒಂದು ಪಾಠ ಮಾಡಿ" ಎಂದರು. ಮೂರು ಚಿತ್ರ ಬರೆದೆ. ಮೂರನೆಯದನ್ನು ಈ ಸಲ ಕುಡುಗೋಲಿನ ಹಾಗೆ ಬರೆದು, ಮಿಕ್ಕ ಕಡೆ ಚುಕ್ಕಿ ಚುಕ್ಕಿ ನೊರೆ ಇಟ್ಟೆ. ಕೊನೆಯ ಬೆಂಚಿನಿಂದ ಒಂದು ಹುಡುಗಿ ಎದ್ದು ನಿಂತಳು.

"ಅಜ್ಜಿ, ನೀವು ನೋಡಿದ್ದೀರಾ?"

"ನೋಡಿದ್ದೀನಿ ಕಣಮ್ಮ."

"ಅಲ್ಲಿಂದ ಏನು ತಂದ್ರಿ?"

"ತಂದಿದ್ದೆ. ವಾಪಸ್ ಕೊಟ್ಟುಬಂದೆ" ಎಂದು ಈ ಕಥೆಯನ್ನೆಲ್ಲ ಹೇಳಿದೆ. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.